ಮಲೆನಾಡಿನ ಒರತೆಗಳು: ಅಂದು ಮತ್ತು ಇಂದು

ವಿದ್ಯಾರ್ಥಿಗಳೇ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲಿ ಅಂತರ್ಜಲದ ಚಿಂತೆ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಅಲ್ಲಿನ ನೆಲದಲ್ಲಿಯೇ ಇದೆ.

1801ರಲ್ಲಿ ಇಕ್ಕೇರಿ, ನಗರಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಕಂಡ ಕೆಂಪು ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. 1807ರಲ್ಲಿ ಅವನ ಪ್ರವಾಸಕಥನ ಪ್ರಕಟವಾಯಿತು. ನಮ್ಮವರು ಮನೆ ಕಟ್ಟಲು ಬಳಸುವ ಜಂಬಿಟ್ಟಿಗೆ ಕಲ್ಲು ಇದೇ. ಇದರ ತುಂಬ ರಂಧ್ರಗಳು. ಮಳೆನೀರು ಬೇಗನೆ ಇಂಗುತ್ತದೆ, ಬೇಗನೆ ಬಸಿದೂ ಹೋಗುತ್ತದೆ. ನೀರಿನೊಡನೆ ಕೊಳೆಯೂ ಅಷ್ಟೇ ಸುಲಭವಾಗಿ ಇಳಿಯಬಲ್ಲದು.

ಹಿಂದಿನವರು ಈ ನೆಲದ ಗುಣವನ್ನು ಬಲ್ಲವರಾಗಿದ್ದರು. ಹೊಸನಗರ ತಾಲ್ಲೂಕಿನ ನಗರದ ಬಳಿ ಕೆಳದಿ ಅರಸರ ಕಾಲದ ದೇವಗಂಗೆ ಕೊಳಗಳಿವೆ. ಗುಡ್ಡದ ಒರತೆಯ ನೀರು ಅಲ್ಲಿ ಕೊಳದಿಂದ ಕೊಳಕ್ಕೆ ಹರಿಯುತ್ತದೆ. 1763ರಲ್ಲಿ ಹೈದರಾಲಿ ಬಿದನೂರನ್ನು ವಶಪಡಿಸಿಕೊಂಡನು. ಅರಸೊತ್ತಿಗೆ ಅಳಿಯಿತು, ಒರತೆ ಉಳಿಯಿತು. ಸಾಗರದ ಕಡೆಯ ತೋಟಿಗರೂ ಮೇಲೆ ಸೊಪ್ಪಿನಬೆಟ್ಟವನ್ನು ಇಟ್ಟುಕೊಂಡು, ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ಅಂಗಳಕ್ಕೆ ತಂದರು.

ಮುಂದೆ ಕಾಲ ಬದಲಾಯಿತು. 1910ರ ಸುಮಾರಿಗೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಅದರಿಂದ ಎಷ್ಟೋ ತೋಟಗಳು ಉಳಿದವು. ಆದರೆ ಅದರಲ್ಲಿನ ತಾಮ್ರ ಬಹುಪಾಲು ಮೇಲ್ಮಣ್ಣಿನಲ್ಲಿಯೇ ಸೇರಿಕೊಳ್ಳುತ್ತದೆ. ಅನಂತರ ಬಂದ ರಾಸಾಯನಿಕ ಗೊಬ್ಬರದ ನೈಟ್ರೇಟ್ ಹಾಗಲ್ಲ. ಅದು ನೀರಿನಲ್ಲಿ ಕರಗಿ ಆಳಕ್ಕೆ ಇಳಿಯುತ್ತದೆ. ಶೌಚದ ಗುಂಡಿಯ ರೋಗಾಣುಗಳು ಹತ್ತಿರದ ಬಾವಿಯನ್ನು ಸೇರಬಲ್ಲವು. ಸರಿಯಾಗಿ ಮುಚ್ಚದ ಹಳೆಯ ಕೊಳವೆಬಾವಿಯಂತೂ ಮೇಲಿನ ಹೊಲಸಿಗೆ ಬಂಡೆಯ ಬಿರುಕುಗಳವರೆಗೆ ನೇರ ದಾರಿ. ಮೇಲೆ ಹರಿಯುವ ಹೊಳೆ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಒಳಗಿನ ನೀರು ಕೆಟ್ಟದ್ದು ಕಾಣುವುದಿಲ್ಲ, ಅದನ್ನು ಶುದ್ಧಗೊಳಿಸುವುದೂ ಬಹಳ ಕಷ್ಟ.

ಹಾಗಾದರೆ ರಕ್ಷಣೆ ಹೇಗೆ? ಒರತೆಯ ಮೇಲಿನ ಕಾಡನ್ನು ಕಡಿಯಬಾರದು. ಶೌಚದ ಗುಂಡಿ, ಗೊಬ್ಬರದ ಗುಂಡಿಗಳು ಬಾವಿಯಿಂದ ದೂರ, ಇಳಿಜಾರಿನ ಕೆಳಗಿರಬೇಕು. ಔಷಧಿ ಹೊಡೆದ ಡ್ರಮ್ಮನ್ನು ಬಾವಿಕಟ್ಟೆಯಲ್ಲಿ ತೊಳೆಯಬಾರದು. ಬಾವಿಗೆ ಎತ್ತರದ ಕಟ್ಟೆ ಬೇಕು. ಕೈಬಿಟ್ಟ ಕೊಳವೆಬಾವಿಗಳನ್ನು ನೆಲಮಟ್ಟದವರೆಗೆ ತುಂಬಬೇಕೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಮಕ್ಕಳ ಪ್ರಾಣ ಉಳಿಸಲು. ಜೇಡಿಮಣ್ಣಿನಿಂದ ಬಿಗಿಯಾಗಿ ಮುಚ್ಚಿದರೆ ನೀರೂ ಉಳಿಯುತ್ತದೆ. 2011ರಲ್ಲಿ ನಮ್ಮ ರಾಜ್ಯ ಅಂತರ್ಜಲಕ್ಕಾಗಿಯೇ ಕಾಯ್ದೆ ಮಾಡಿತು. ಆದರೆ ಪ್ರತಿ ಮನೆಯ ಬಾವಿಯನ್ನೂ ಕಾಯ್ದೆಯೊಂದೇ ಕಾಯಲಾರದು.

ಇಂದು ಸಂಜೆ ನಿಮ್ಮ ಮನೆಯ ಬಾವಿಯ ಬಳಿ ನಿಂತು, ಅದರ ಮೇಲ್ಭಾಗದಲ್ಲಿ ಏನಿದೆ ಎಂದು ನೋಡಿರಿ. ಕಂಡದ್ದನ್ನು ಮನೆಯ ಹಿರಿಯರೊಡನೆ ಚರ್ಚಿಸಿರಿ.