ಸೆಳವು, ಆಘಾತ ಮತ್ತು ಲೋಕಾಪವಾದ: ಮನೋರೋಗ ಚಿಕಿತ್ಸೆಯ ಇತಿಹಾಸದ ಒಂದು ಅಧ್ಯಾಯ

ಉತ್ತರ ಕನ್ನಡ ಜಿಲ್ಲೆಯಲ್ಲಿ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂಬ ಮಾತಿಗೆ ಅರ್ಥವಿವರಣೆ ಬೇಕಾಗುವುದಿಲ್ಲ. ವಿದ್ಯೆಯ ತವರೆಂದು ಹೆಸರಾದ ಆ ನಗರ, ಆಡುಮಾತಿನ ಈ ಒಂದು ಪ್ರಯೋಗದಲ್ಲಿ ಮಾತ್ರ, ಹುಚ್ಚಾಸ್ಪತ್ರೆಗೆ ಪರ್ಯಾಯಪದವಾಗಿದೆ. ‘ಅಲ್ಲಿ ಕರೆಂಟು ಕೊಡುತ್ತಾರೆ’ ಎಂಬುದು ಆ ಮಾತಿನ ಬಾಲದಂತೆ ಬರುವ ಇನ್ನೊಂದು ಮಾತು. ಈ ಎರಡು ಮಾತುಗಳು ಹೇಗೆ ಹುಟ್ಟಿಕೊಂಡವು, ಎರಡನೆಯದರಲ್ಲಿ ಅಡಗಿರುವ ಭಯಕ್ಕೆ ಇತಿಹಾಸದಲ್ಲಿ ಎಷ್ಟರಮಟ್ಟಿನ ಆಧಾರವಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಪ್ರಯತ್ನಿಸುತ್ತೇವೆ.

ಮೊದಲನೆಯ ಮಾತಿಗೆ ಆಡಳಿತದ ಇತಿಹಾಸವೇ ಕಾರಣ. ಉತ್ತರ ಕನ್ನಡವು 1862ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. 1956ರ ನವೆಂಬರ್ 1ರವರೆಗೆ ಆ ವ್ಯವಸ್ಥೆಯಲ್ಲಿಯೇ ಇತ್ತು. ಮುಂಬಯಿ ಸರಕಾರದ ಅಧೀನದಲ್ಲಿದ್ದ ಹುಚ್ಚಾಸ್ಪತ್ರೆಗಳಲ್ಲಿ ಕನ್ನಡ ನಾಡಿನೊಳಗಿದ್ದದ್ದು 1845ರಲ್ಲಿ ಆರಂಭವಾದ ಧಾರವಾಡದ್ದು. ಮೈಸೂರು ಸಂಸ್ಥಾನದ ಬೆಂಗಳೂರು ಆಸ್ಪತ್ರೆ ಕಾರವಾರದವರ ಪಾಲಿಗೆ ಪರರಾಜ್ಯದ ಸಂಗತಿಯಾಗಿತ್ತು. ಆದುದರಿಂದ ಕಾಳೀ ನದಿಯ ಕಣಿವೆಯ ಕೈಗಾದಂಥ ಊರಿನ ರೋಗಿಯಾಗಲಿ, ಅಂಕೋಲೆಯ ಕಡಲತೀರದ ರೋಗಿಯಾಗಲಿ ಸರಕಾರದ ಚಿಕಿತ್ಸೆಯನ್ನು ಬಯಸಿದರೆ ಘಟ್ಟ ಹತ್ತಿ ಪೂರ್ವಕ್ಕೆ ಹೋಗಬೇಕಾಗಿತ್ತು. ಹೋಗುವುದು ಕೂಡ ಅವನ ಇಚ್ಛೆಗೆ ಬಿಟ್ಟದ್ದಾಗಿರಲಿಲ್ಲ. 1858ರ ಕಾಯಿದೆಯೂ ಅದರ ಬಳಿಕ ಬಂದ 1912ರ ಕಾಯಿದೆಯೂ ರೋಗಿಯನ್ನು ಒಳಗೆ ಸೇರಿಸುವ ಅಧಿಕಾರವನ್ನು ಮುಖ್ಯವಾಗಿ ಮ್ಯಾಜಿಸ್ಟ್ರೇಟರ ಆಜ್ಞೆಗೆ ಒಪ್ಪಿಸಿದ್ದವು. ವೈದ್ಯನಿಗಿಂತ ಮೊದಲು ಪೋಲೀಸಿನವನನ್ನು ಕಂಡ ರೋಗಿಗೆ ಆಸ್ಪತ್ರೆಯು ಸೆರೆಮನೆಯ ಇನ್ನೊಂದು ರೂಪವಾಗಿ ತೋರಿದ್ದರೆ ಅದು ಅಜ್ಞಾನವಲ್ಲ. ಮುಂದೆ ಬಂದ ವಿದ್ಯುತ್ ಚಿಕಿತ್ಸೆಯು ಈ ಗೋಡೆಗಳ ಒಳಗೇ ನಡೆಯಿತು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ಚಿಕಿತ್ಸೆಯ ವಿಷಯಕ್ಕೆ ಬರೋಣ. ಇದರ ಮೂಲದಲ್ಲಿ ವಿದ್ಯುತ್ತು ಇರಲಿಲ್ಲ. ಬುಡಾಪೆಸ್ಟಿನ ಲಾಡಿಸ್ಲಾಸ್ ಮೆಡುನಾ ಎಂಬ ವೈದ್ಯನು, ಅಪಸ್ಮಾರಕ್ಕೂ ಸ್ಕಿಜೋಫ್ರೇನಿಯಾಕ್ಕೂ ಪರಸ್ಪರ ವಿರೋಧವಿದೆಯೆಂದು ನಂಬಿ, 1934ರಲ್ಲಿ ಕರ್ಪೂರದ ಸೂಜಿಮದ್ದಿನಿಂದ ಸೆಳವನ್ನು ಉಂಟುಮಾಡಿದನು. ಬಳಿಕ ಕಾರ್ಡಿಯಜೋಲ್ ಎಂಬ ಔಷಧವನ್ನು ಬಳಸಿದನು. ಅವನ ಊಹೆ ತಪ್ಪೆಂದು ಅನಂತರ ತಿಳಿದುಬಂದಿತು. ಆದರೆ ಕೆಲವು ರೋಗಿಗಳು ಗುಣಹೊಂದಿದ್ದು ಸುಳ್ಳಾಗಲಿಲ್ಲ. ತಪ್ಪು ಕಾರಣದಿಂದ ಸರಿಯಾದ ಫಲವನ್ನು ಕಂಡ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ವಿರಳವೇನಲ್ಲ. ಕಾರ್ಡಿಯಜೋಲಿನ ದೋಷವೆಂದರೆ ಸೂಜಿ ಚುಚ್ಚಿದ ಕ್ಷಣಕ್ಕೂ ಸೆಳವು ಬರುವ ಕ್ಷಣಕ್ಕೂ ನಡುವೆ ರೋಗಿ ಎಚ್ಚರವಾಗಿದ್ದು ಅನುಭವಿಸುತ್ತಿದ್ದ ಭಯಂಕರವಾದ ಸಂಕಟ. ಇದನ್ನು ತಪ್ಪಿಸಲೆಂದೇ ರೋಮ್ ನಗರದ ಉಗೋ ಚೆರ್ಲೆಟ್ಟಿ ಮತ್ತು ಲೂಚಿಯೋ ಬೀನಿ ಎಂಬವರು 1938ರ ಏಪ್ರಿಲಿನಲ್ಲಿ ವಿದ್ಯುತ್ತನ್ನು ಮೊದಲ ಬಾರಿಗೆ ಮನುಷ್ಯನ ಮೇಲೆ ಪ್ರಯೋಗಿಸಿದರು. ವಿದ್ಯುತ್ ಹಾಯ್ದೊಡನೆ ಎಚ್ಚರ ತಪ್ಪುವುದರಿಂದ ರೋಗಿಗೆ ಆ ನಡುಗಾಲದ ನರಕವಿರಲಿಲ್ಲ. ಹಿಂದಿನ ಕ್ರಮಕ್ಕಿಂತ ದಯಾಪರವಾದುದೆಂದು ಬಂದ ಚಿಕಿತ್ಸೆ ಕ್ರೌರ್ಯದ ಸಂಕೇತವಾಗಿ ಉಳಿದದ್ದು ಇತಿಹಾಸದ ವ್ಯಂಗ್ಯ. ಚೆರ್ಲೆಟ್ಟಿಯು ರೋಮಿನ ಕಸಾಯಿಖಾನೆಯಲ್ಲಿ ಹಂದಿಗಳಿಗೆ ವಿದ್ಯುತ್ ತಗಲಿಸುವುದನ್ನು ನೋಡಿ ತನ್ನ ಪ್ರಯೋಗಕ್ಕೆ ಧೈರ್ಯ ತಂದುಕೊಂಡನೆಂಬ ವೃತ್ತಾಂತವೂ ಈ ಅಪಕೀರ್ತಿಗೆ ನೆರವಾಯಿತು.

ಇಲ್ಲಿ ಹೆಸರಿನ ಪ್ರಶ್ನೆ ಬರುತ್ತದೆ. ಗುಣ ಕೊಡುವುದು ಮೆದುಳಿನಲ್ಲಿ ಏಳುವ ಸೆಳವು. ವಿದ್ಯುತ್ತು ಅದನ್ನು ಎಬ್ಬಿಸುವ ಸಾಧನ ಮಾತ್ರ. ಕ್ಷಣಮಾತ್ರ ಹಾಯುವ ಅಲ್ಪಪ್ರಮಾಣದ ವಿದ್ಯುತ್ತಿನಿಂದ ಸುಮಾರು ಅರ್ಧ ನಿಮಿಷದ ಸೆಳವು ಬಂದರೆ ಒಂದು ಸರದಿ ಮುಗಿಯುತ್ತದೆ; ವಾರಕ್ಕೆ ಎರಡು ಮೂರರಂತೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ಸರದಿಗಳು ಸಾಕಾಗುತ್ತವೆ. ಪಾಶ್ಚಾತ್ಯರ ಶಾಸ್ತ್ರೀಯ ನಾಮದಲ್ಲಿ ಸೆಳವೆಂಬ ಅರ್ಥ ಇದ್ದೇ ಇದೆ. ಆದರೆ ಲೋಕರೂಢಿಯಲ್ಲಿ ‘ಶಾಕ್’ ಎಂಬುದಷ್ಟೇ ಉಳಿಯಿತು; ಕನ್ನಡದ ವಿದ್ವಾಂಸರೂ ಅದನ್ನನುಸರಿಸಿ ‘ವಿದ್ಯುದಾಘಾತ ಚಿಕಿತ್ಸೆ’ ಎಂದರು. ಆಘಾತವೆಂದರೆ ಹೊಡೆತ. ಜನರಾದರೋ ಮೊದಲೇ ‘ಕರೆಂಟು ಹೊಡೆಯಿತು’ ಎನ್ನುತ್ತಿದ್ದರು. ಹೊಡೆದು ಬುದ್ಧಿ ಕಲಿಸುವುದು, ಹೊಡೆದು ಭೂತ ಬಿಡಿಸುವುದು ಎಂಬ ಹಳೆಯ ಭಾವನೆಗಳ ಸಾಲಿಗೆ ‘ಕರೆಂಟು ಕೊಡುವುದು’ ಯಾವ ತಡೆಯೂ ಇಲ್ಲದೆ ಸೇರಿಹೋಯಿತು. ಪಾರಿಭಾಷಿಕ ಪದವನ್ನು ರಚಿಸಿದವರು ‘ಸೆಳವು ಚಿಕಿತ್ಸೆ’ ಎಂದಿದ್ದರೆ ಭಯವೆಲ್ಲ ಮಾಯವಾಗುತ್ತಿತ್ತೆಂದು ನಾವು ಹೇಳುವುದಿಲ್ಲ. ಚಿಕಿತ್ಸೆ ಶಿಕ್ಷೆಯೆಂಬ ಭ್ರಮೆಗೆ ಭಾಷೆಯೇ ಒತ್ತಾಸೆ ಕೊಡುವುದು ಅಷ್ಟರಮಟ್ಟಿಗೆ ತಪ್ಪುತ್ತಿತ್ತು. ಕಾಳೀ ನದಿಯ ನೀರಿನಿಂದಲೂ, 2000ದಿಂದೀಚೆಗೆ ಕೈಗಾದ ಅಣುಸ್ಥಾವರದಿಂದಲೂ ನಾಡಿಗೆಲ್ಲ ವಿದ್ಯುತ್ತನ್ನು ಕಳುಹಿಸುವ ಜಿಲ್ಲೆ ಇದು. ಇಲ್ಲಿಯೂ ಆ ಶಬ್ದದಲ್ಲಿ ಬೆಳಕು ಮತ್ತು ಸಾವು ಎರಡೂ ಒಟ್ಟಿಗೆ ಧ್ವನಿಸುತ್ತವೆ.

ಭಯವು ಬರಿಯ ಶಬ್ದದಿಂದ ಹುಟ್ಟಿದ್ದಲ್ಲ. ಆರಂಭಕಾಲದಲ್ಲಿ ಅರಿವಳಿಕೆಯಿಲ್ಲದೆ, ಸ್ನಾಯುಗಳನ್ನು ಸಡಿಲಿಸುವ ಔಷಧವಿಲ್ಲದೆ ಸೆಳವನ್ನು ಬರಿಸುತ್ತಿದ್ದರು. ಕೈಕಾಲುಗಳನ್ನು ನಾಲ್ವರು ಹಿಡಿದುಕೊಳ್ಳಬೇಕಾಗುತ್ತಿತ್ತು. ಬೆನ್ನೆಲುಬಿನ ಮಣಿಗಳು ಬಿರಿಯುವುದೂ ಇತ್ತು. 1940ರಲ್ಲಿ ಅಮೆರಿಕದ ಬೆನೆಟ್ ಎಂಬವನು ಕುರಾರೆಯನ್ನು ಬಳಸಿ ಈ ಅಪಾಯವನ್ನು ತಗ್ಗಿಸಿದನು. 1950ರ ದಶಕದ ಆದಿಯಲ್ಲಿ ಸಕ್ಸಿನೈಲ್‌ಕೋಲೀನ್ ಬಳಕೆಗೆ ಬಂದಮೇಲೆ ಉಪಾಯ ಸುಲಭವಾಯಿತು. ಆದರೂ ಭಾರತದ ಅನೇಕ ಆಸ್ಪತ್ರೆಗಳಲ್ಲಿ ಅರಿವಳಿಕೆಯಿಲ್ಲದ ಹಳೆಯ ಕ್ರಮ ಮುಂದಿನ ಅರ್ಧ ಶತಮಾನದವರೆಗೂ ನಡೆದುಬಂದಿತು. ಅರಿವಳಿಕೆ ತಜ್ಞರ ಅಭಾವ, ಖರ್ಚು, ರೋಗಿಗಳ ಸಂಖ್ಯೆ—ಇವು ಕೊಡಲಾದ ಕಾರಣಗಳು. ಕಾರಣಗಳು ಸುಳ್ಳಲ್ಲ. ಆದರೆ ಹಣವುಳ್ಳ ರೋಗಿಗೆ ನಿದ್ರೆ ಬರಿಸಿ, ಬಡವನನ್ನು ಹಿಡಿದು ಮಲಗಿಸುವ ಪದ್ಧತಿಯನ್ನು ಜನ ಶಿಕ್ಷೆಯೆಂದು ಕರೆದರೆ ಅವರನ್ನು ಮೂಢರೆನ್ನುವುದು ನ್ಯಾಯವಲ್ಲ. ನೆನಪಿನ ಶಕ್ತಿ ಕುಂದುವುದೆಂಬ ದೂರೂ ನಿರಾಧಾರವಲ್ಲ. ಚಿಕಿತ್ಸೆಯ ಆಸುಪಾಸಿನ ವಾರಗಳ ಸ್ಮರಣೆ ಮಸುಕಾಗುವುದು ಸಾಮಾನ್ಯ. ಬಹುಪಾಲು ರೋಗಿಗಳಲ್ಲಿ ಹೊಸದನ್ನು ನೆನಪಿಡುವ ಶಕ್ತಿ ಮರಳಿ ಬಂದರೂ ಕೆಲವರಿಗೆ ಹಿಂದಿನ ನೆನಪುಗಳಲ್ಲಿ ಶಾಶ್ವತವಾದ ಬಿರುಕುಗಳು ಉಳಿಯುತ್ತವೆ. ಇದನ್ನು ಮರೆಮಾಚಿದ ವೈದ್ಯರು ತಮ್ಮ ಚಿಕಿತ್ಸೆಗೆ ಉಪಕಾರ ಮಾಡಲಿಲ್ಲ.

ಕರ್ನಾಟಕದಲ್ಲಿ ಈ ಚಿಕಿತ್ಸೆಗೆ ಶಾಸ್ತ್ರೀಯವಾದ ನೆಲೆ ದೊರೆತದ್ದು ಬೆಂಗಳೂರಿನಲ್ಲಿ. ಅಲ್ಲಿಯ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಎಂ. ವಿ. ಗೋವಿಂದಸ್ವಾಮಿಯವರು ಯುರೋಪಿನಲ್ಲಿ ಹುಟ್ಟಿದ ಹೊಸ ಚಿಕಿತ್ಸಾಕ್ರಮಗಳನ್ನು ಬೇಗನೆ ಬರಮಾಡಿಕೊಂಡವರು. 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಅವರೇ ಅದರ ಮೊದಲ ನಿರ್ದೇಶಕರಾದರು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದುಗೂಡಿ ನಿಮ್ಹಾನ್ಸ್ ಆಯಿತು. 1982ರಲ್ಲಿ ಆ ಸಂಸ್ಥೆಯ ಗಂಗಾಧರ್, ಕಪೂರ್ ಮತ್ತು ಕಲ್ಯಾಣಸುಂದರಂ ಅವರು ತೀವ್ರ ಖಿನ್ನತೆಯಲ್ಲಿ ಈ ಚಿಕಿತ್ಸೆಯನ್ನು ಇಮಿಪ್ರಮೀನ್ ಎಂಬ ಔಷಧದೊಡನೆ ಹೋಲಿಸಿದ ಅಧ್ಯಯನವನ್ನು ಪ್ರಕಟಿಸಿದರು. ಯಾರಿಗೆ ಯಾವ ಚಿಕಿತ್ಸೆ ದೊರೆಯುತ್ತಿದೆಯೆಂಬುದು ರೋಗಿಗೂ ಪರೀಕ್ಷಕನಿಗೂ ತಿಳಿಯದಂತೆ ನಡೆಸಿದ ಈ ಪರೀಕ್ಷೆಯಲ್ಲಿ ಸೆಳವು ಚಿಕಿತ್ಸೆ ಔಷಧಕ್ಕಿಂತ ಹಿಂದೆ ಬೀಳಲಿಲ್ಲ. ಇವರಲ್ಲಿ ಆರ್. ಎಲ್. ಕಪೂರರು ಅದಕ್ಕೆ ಮುಂಚೆ ಕಾರ್‌ಸ್ಟೇರ್ಸ್ ಎಂಬವರೊಡನೆ ದಕ್ಷಿಣದ ಕರಾವಳಿಯ ಕೋಟ ಎಂಬ ಗ್ರಾಮದಲ್ಲಿ ಮನೋರೋಗಗಳ ಸಮೀಕ್ಷೆ ನಡೆಸಿದ್ದರು. ಅದರ ಫಲವಾದ ಗ್ರಂಥ 1976ರಲ್ಲಿ ಹೊರಬಂದಿತು. ಪಾತ್ರಿ, ಮಂತ್ರವಾದಿ, ನಾಟಿ ವೈದ್ಯ, ಡಾಕ್ಟರು—ಇವರಲ್ಲಿ ಒಬ್ಬರನ್ನು ನಂಬಿದರೆ ಇನ್ನೊಬ್ಬರನ್ನು ಬಿಡಬೇಕೆಂಬ ನಿಯಮ ಕರಾವಳಿಯ ಜನರಿಗೆ ಇಲ್ಲವೆಂಬುದು ಅಲ್ಲಿ ಸ್ಪಷ್ಟವಾಗಿದೆ. ಅಂಕೋಲೆ, ಕಾರವಾರದ ಬದುಕನ್ನು ಬಲ್ಲವರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಈ ಸರದಿಯಲ್ಲಿ ಆಸ್ಪತ್ರೆ ಕಡೆಯದಾದಾಗ ರೋಗಿ ಅನ್ನ ನೀರು ಬಿಟ್ಟು, ಕಲ್ಲಿನಂತೆ ಬಿಗಿದು ಕುಳಿತ ಸ್ಥಿತಿಯಲ್ಲಿ ಅಲ್ಲಿಗೆ ತಲಪುತ್ತಾನೆ. ಅಂಥ ಸ್ಥಿತಿಯಲ್ಲಿಯೇ ಸೆಳವು ಚಿಕಿತ್ಸೆ ಅತ್ಯಂತ ಶೀಘ್ರ ಫಲಕಾರಿ. ಭಯದಿಂದ ತಡ, ತಡದಿಂದ ಉಲ್ಬಣ, ಉಲ್ಬಣದಿಂದ ‘ಕರೆಂಟು’. ನೋಡಿದವರಿಗೆ ಮತ್ತೆ ಭಯ.

ಸಾಹಿತ್ಯ ಮತ್ತು ಚಲಚ್ಚಿತ್ರಗಳ ಪ್ರಭಾವವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. 1975ರಲ್ಲಿ ತೆರೆಗೆ ಬಂದ ಅಮೆರಿಕದ ‘ಒನ್ ಫ್ಲೂ ಓವರ್ ದಿ ಕುಕೂಸ್ ನೆಸ್ಟ್’ ವಿದ್ಯುತ್ ಚಿಕಿತ್ಸೆಯನ್ನು ದಂಡನೆಯಾಗಿಯೇ ತೋರಿಸಿತು. ಕನ್ನಡದಲ್ಲಿ ತ್ರಿವೇಣಿಯವರ ಕಾದಂಬರಿಯನ್ನಾಧರಿಸಿ ಪುಟ್ಟಣ್ಣ ಕಣಗಾಲರು 1971ರಲ್ಲಿ ನಿರ್ಮಿಸಿದ ‘ಶರಪಂಜರ’ದ ದೃಷ್ಟಿ ಬೇರೆ. ಅಲ್ಲಿ ಆಸ್ಪತ್ರೆ ನಾಯಿಕೆಯನ್ನು ಗುಣಪಡಿಸುತ್ತದೆ. ಹಾಳುಮಾಡುವುದು ಗುಣವಾಗಿ ಬಂದವಳನ್ನು ನಂಬದ ಮನೆ ಮತ್ತು ನೆರೆಹೊರೆ. ನಮ್ಮ ಸಮಾಜದ ಮಟ್ಟಿಗೆ ಈ ಎರಡನೆಯ ಚಿತ್ರವೇ ಸತ್ಯಕ್ಕೆ ಹತ್ತಿರವೆಂದು ನಮಗೆ ತೋರುತ್ತದೆ.

ಕಾನೂನು ತಡವಾಗಿ ಎಚ್ಚತ್ತಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿದ್ದ ಮನೋರೋಗಿಗಳು ಬೆಂಕಿಗೆ ಸಿಕ್ಕಿ ಸತ್ತಮೇಲೆ ಸಾರ್ಥಕ್ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯಲ್ಲಿ, ಅರಿವಳಿಕೆಯಿಲ್ಲದ ವಿದ್ಯುತ್ ಚಿಕಿತ್ಸೆಯನ್ನು ನಿಷೇಧಿಸಬೇಕೆಂಬ ಬೇಡಿಕೆಯೂ ಇತ್ತು. ವೈದ್ಯರಲ್ಲಿಯೇ ಭಿನ್ನಾಭಿಪ್ರಾಯಗಳೆದ್ದವು, ನಿಷೇಧಿಸಿದರೆ ಅರಿವಳಿಕೆ ತಜ್ಞರಿಲ್ಲದ ಊರುಗಳಲ್ಲಿ ಚಿಕಿತ್ಸೆಯೇ ನಿಲ್ಲುವುದೆಂದು ಕೆಲವರು ವಾದಿಸಿದರು. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 95ನೆಯ ಪ್ರಕರಣವು ಸ್ನಾಯುಶಿಥಿಲಕವೂ ಅರಿವಳಿಕೆಯೂ ಇಲ್ಲದ ಕ್ರಮವನ್ನು ಸ್ಪಷ್ಟವಾಗಿ ನಿಷೇಧಿಸಿತು. ಅಪ್ರಾಪ್ತ ವಯಸ್ಕರಿಗೆ ಪಾಲಕರ ಸಮ್ಮತಿಯೂ ಮಂಡಲಿಯ ಪೂರ್ವಾನುಮತಿಯೂ ಇಲ್ಲದೆ ಈ ಚಿಕಿತ್ಸೆ ಕೊಡಕೂಡದೆಂದು ವಿಧಿಸಿತು. ಹೀಗಾಗಿ ಅರಿವಳಿಕೆಯ ತಜ್ಞರೂ ಸಲಕರಣೆಗಳೂ ಇರುವ ಆಸ್ಪತ್ರೆಗಳಲ್ಲಿ ಮಾತ್ರ ಈ ಚಿಕಿತ್ಸೆ ಸಾಧ್ಯ. ಚಿಕಿತ್ಸೆಯನ್ನು ನಿರಪಾಯಗೊಳಿಸಿದ ನಿಯಮವೇ ಅದನ್ನು ಹಳ್ಳಿಯ ರೋಗಿಯಿಂದ ಇನ್ನಷ್ಟು ದೂರಕ್ಕೆ ಒಯ್ದಿದೆ. ಘಟ್ಟದ ಕೆಳಗಿನವರಿಗೆ ಆ ದೂರ ಎಷ್ಟೆಂಬುದು 1845ರಿಂದಲೂ ಗೊತ್ತು.