ಕಿತ್ತೂರಿನ ದೂರವಾಣಿ ಕೇಂದ್ರ ಮತ್ತು ನನ್ನ ಒಂದು ತೀರ್ಪು

1985ರ ಮಳೆಗಾಲದಲ್ಲಿ ನಮ್ಮ ಪ್ರೌಢಶಾಲೆಯಲ್ಲಿ ನಡೆದ ಚರ್ಚಾಸ್ಪರ್ಧೆಯೊಂದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ವಿಷಯ: ‘ಬಡ ರಾಷ್ಟ್ರಕ್ಕೆ ದೂರವಾಣಿ ಅವಶ್ಯಕವೇ?’ ವಿಷಯವನ್ನು ಆರಿಸಿದವನೂ ನಾನೇ, ತೀರ್ಪುಗಾರರಲ್ಲಿ ಹಿರಿಯನೂ ನಾನೇ. ಆ ದಿನಗಳಲ್ಲಿ ವೃತ್ತಪತ್ರಿಕೆಗಳ ತುಂಬ ಗಣಕಯಂತ್ರ, ದೂರಸಂಪರ್ಕ, ಇಪ್ಪತ್ತೊಂದನೆಯ ಶತಮಾನ ಎಂಬ ಮಾತುಗಳೇ ತುಂಬಿರುತ್ತಿದ್ದವು. ನಮ್ಮೂರಿನ ಹೆಣ್ಣುಮಕ್ಕಳಾದರೋ ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಕೊಡ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದರು. ಹತ್ತನೆಯ ತರಗತಿಯ ಹುಡುಗನೊಬ್ಬ, ಮೊದಲು ನೀರು, ಆಮೇಲೆ ಅನ್ನ, ಆಮೇಲೆ ಅಕ್ಷರ, ಫೋನು ಕಟ್ಟಕಡೆಗೆ ಎಂದು ಅಂಕಿ ಅಂಶಗಳೊಡನೆ ಸೊಗಸಾಗಿ ವಾದಿಸಿದ. ಪ್ರಥಮ ಬಹುಮಾನ ಅವನಿಗೇ ಸಂದಿತು. ಅವನ ಮಾತುಗಳಲ್ಲಿ ನನ್ನದೇ ಅಭಿಪ್ರಾಯ ಕೇಳಿಸಿದ್ದರಿಂದ ನನಗೆ ಹೆಚ್ಚು ಸಂತೋಷವಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ವಿರುದ್ಧ ಪಕ್ಷದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಾತನಾಡಿದಳು. ಅವಳ ಬಳಿ ಅಂಕಿ ಅಂಶಗಳಿರಲಿಲ್ಲ. ಹುಬ್ಬಳ್ಳಿಯಲ್ಲಿದ್ದ ಅವಳ ದೊಡ್ಡವ್ವ ತೀರಿಕೊಂಡ ತಂತಿ ಇವರ ಊರಿಗೆ ಬಂದು ಮುಟ್ಟಿದ್ದು ಮೂರನೆಯ ದಿನ; ಮಣ್ಣು ಮುಗಿದುಹೋಗಿತ್ತು. ಅದನ್ನಷ್ಟು ಹೇಳಿ, “ಬಡವರು ಫೋನಿನ್ಯಾಗ ಏನ್ ಮಾತಾಡ್ತಾರಂತ ಕೇಳ್ತಾರ. ಹಡದದ್ದು, ಸತ್ತದ್ದು, ಬ್ಯಾನಿ ಬಂದದ್ದು ಮಾತಾಡ್ತಾರ್ರಿ” ಎಂದು ಕುಳಿತುಬಿಟ್ಟಳು. ಕೊಟ್ಟ ಐದು ನಿಮಿಷಗಳಲ್ಲಿ ಎರಡನ್ನೂ ಬಳಸಲಿಲ್ಲ.

ಇತಿಹಾಸ ಬೋಧಿಸುತ್ತಿದ್ದ ನಾನು ನಮ್ಮ ಕಾಲದ ಇತಿಹಾಸವನ್ನೇ ಸರಿಯಾಗಿ ಓದಿಕೊಂಡಿರಲಿಲ್ಲ. ಆ ವರ್ಷದಲ್ಲಿ ಇಡೀ ಭಾರತದಲ್ಲಿದ್ದ ದೂರವಾಣಿ ಸಂಪರ್ಕಗಳು ಮೂವತ್ತು ಲಕ್ಷವನ್ನೂ ಮುಟ್ಟಿರಲಿಲ್ಲ. ಜನಸಂಖ್ಯೆ ಎಪ್ಪತ್ತು ಕೋಟಿಯನ್ನು ದಾಟಿತ್ತು. ಇದ್ದ ಫೋನುಗಳಲ್ಲಿ ಬಹುಪಾಲು ನಗರಗಳಲ್ಲಿದ್ದವು. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕು. ಪರಸ್ಥಳಕ್ಕೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಕಾದಿರಿಸಬೇಕು. ಆರ್ಡಿನರಿ ಸಿಗದಿದ್ದರೆ ಇಮ್ಮಡಿ ಹಣ ಕೊಟ್ಟು ಅರ್ಜೆಂಟ್, ಅದೂ ಆಗದಿದ್ದರೆ ಎಂಟು ಪಟ್ಟು ಕೊಟ್ಟು ಲೈಟ್ನಿಂಗ್! ಲಖನೌ–ಕಾನ್ಪುರಗಳ ನಡುವೆ ನೇರ ಡಯಲಿಂಗ್ 1960ರಲ್ಲಿಯೇ ಬಂದಿದ್ದರೂ ಹಳ್ಳಿಗಳ ಪಾಲಿಗೆ ಅದು ಕಾಗದದ ಮೇಲಿನ ಸಂಗತಿ.

ದೂರವಾಣಿ ಭೋಗವಸ್ತುವೆಂಬ ಅಭಿಪ್ರಾಯ ನಮ್ಮ ಶಿಕ್ಷಕರ ಕೊಠಡಿಯದಷ್ಟೇ ಆಗಿರಲಿಲ್ಲ. ಆಳುವವರಲ್ಲಿಯೂ ಯೋಜನೆ ರೂಪಿಸುವವರಲ್ಲಿಯೂ ಅದು ಬೇರೂರಿತ್ತು. ಈ ಬಗೆಯ ವಾದ ಹೊಸದೂ ಅಲ್ಲ. ಬಡ ದೇಶಕ್ಕೆ ಆಕಾಶಯಾನವೇಕೆಂದು ಕೇಳಿದವರಿಗೆ ವಿಕ್ರಮ್ ಸಾರಾಭಾಯಿಯವರು, ಚಂದ್ರನಲ್ಲಿಗೆ ಹೋಗುವ ಪೈಪೋಟಿ ನಮಗೆ ಬೇಡ, ಆದರೆ ಜನರ ನಿಜವಾದ ಕಷ್ಟಗಳಿಗೆ ಮುಂದುವರಿದ ತಂತ್ರವಿದ್ಯೆಯನ್ನು ಹಚ್ಚುವುದರಲ್ಲಿ ನಾವು ಯಾರಿಗೂ ಹಿಂದೆ ಬೀಳಬಾರದು ಎಂಬರ್ಥದಲ್ಲಿ ಉತ್ತರಿಸಿದ್ದರು. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕೆಯ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ದೂರದರ್ಶನ ತಲುಪಿತು; ನಮ್ಮ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಆದರೆ ದೂರದರ್ಶನವೆಂದರೆ ದಿಲ್ಲಿ ಮಾತನಾಡುವುದು, ಹಳ್ಳಿ ಕೇಳುವುದು. ಹಳ್ಳಿ ಮಾತನಾಡಲು ಬೇರೆ ಸಾಧನ ಬೇಕಿತ್ತು.

ನಮ್ಮ ಚರ್ಚಾಸ್ಪರ್ಧೆಯ ವರ್ಷದ ಆರಂಭದಲ್ಲಿಯೇ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಕ್ಕಾಗಿ ಡೊನಾಲ್ಡ್ ಮೇಟ್‌ಲ್ಯಾಂಡ್ ಅವರ ಆಯೋಗ ಸಿದ್ಧಪಡಿಸಿದ್ದ ವರದಿ ಬೆಳಕಿಗೆ ಬಂದಿತ್ತು. ಜಗತ್ತಿನ 60 ಕೋಟಿ ದೂರವಾಣಿಗಳಲ್ಲಿ ಮುಕ್ಕಾಲು ಪಾಲು ಒಂಬತ್ತೇ ದೇಶಗಳಲ್ಲಿವೆ, ಇಡೀ ಆಫ್ರಿಕಾ ಖಂಡದಲ್ಲಿರುವುದಕ್ಕಿಂತ ಹೆಚ್ಚು ಫೋನುಗಳು ಟೋಕಿಯೋ ನಗರವೊಂದರಲ್ಲಿಯೇ ಇವೆ ಎಂದು ಅದು ಹೇಳಿತು. ಅದು ಮುಂದಿಟ್ಟ ಗುರಿ ಮನೆಗೊಂದು ಫೋನು ಎಂಬುದಲ್ಲ. ಎಲ್ಲ ಮನುಷ್ಯರಿಗೂ ಸುಲಭವಾಗಿ ಎಟುಕುವ ದೂರದಲ್ಲಿ ಒಂದು ಫೋನು ಎಂಬುದು. ನಮ್ಮ ಹುಡುಗಿ ಕೇಳಿದ್ದೂ ಅಷ್ಟನ್ನೇ.

1984ರ ಆಗಸ್ಟಿನಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಇದೇ ಗುರಿಯನ್ನಿಟ್ಟುಕೊಂಡಿತ್ತು. ಅದರ ಹಿಂದಿನ ಪ್ರೇರಣೆ ಸ್ಯಾಮ್ ಪಿತ್ರೋಡಾ. ಒಡಿಶಾದ ಟಿಟ್ಲಾಗಢದಲ್ಲಿ ಹುಟ್ಟಿ, ಬರೋಡಾದಲ್ಲಿ ಭೌತಶಾಸ್ತ್ರ ಓದಿ, ಶಿಕಾಗೋದಲ್ಲಿ ದೂರವಾಣಿ ಯಂತ್ರಗಳ ತಜ್ಞರಾದವರು. ಅಮೆರಿಕೆಗೆ ಹೋಗುವ ಮುನ್ನ ತಾವು ಫೋನನ್ನೇ ಬಳಸಿರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಮೂವತ್ತಾರು ತಿಂಗಳು, ಮೂವತ್ತಾರು ಕೋಟಿ ರೂಪಾಯಿ: ಇದು ಸಂಸ್ಥೆ ಕೇಳಿದ ಕಾಲಾವಕಾಶ ಮತ್ತು ಹಣ. ದಿಲ್ಲಿಯ ಅಕ್ಬರ್ ಹೋಟೆಲಿನ ಕಟ್ಟಡದಲ್ಲಿಯೂ ಬೆಂಗಳೂರಿನಲ್ಲಿಯೂ ಎಳೆಯ ಇಂಜಿನಿಯರುಗಳು ಕೆಲಸಕ್ಕೆ ಕುಳಿತರು.

ಹಳೆಯ ಸ್ಟ್ರೌಜರ್ ಯಂತ್ರಗಳನ್ನು ನೀವು ನೋಡಿರಲಾರಿರಿ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ ಕಾರ್ಖಾನೆ ಅವುಗಳನ್ನು ತಯಾರಿಸುತ್ತಿತ್ತು. ಡಯಲ್ ತಿರುಗಿಸಿದಂತೆಲ್ಲ ವಿನಿಮಯ ಕೇಂದ್ರದಲ್ಲಿ ಲೋಹದ ಕೈಯೊಂದು ಮೆಟ್ಟಿಲು ಮೆಟ್ಟಿಲಾಗಿ ಏರಿ, ಪಕ್ಕಕ್ಕೆ ತಿರುಗಿ, ಬೇಕಾದ ತಂತಿಯನ್ನು ಮುಟ್ಟುತ್ತಿತ್ತು. ಧೂಳು ಕುಳಿತರೆ ಕೈ ನಿಂತಿತು. ದಿನವೂ ಒರೆಸಿ, ಎಣ್ಣೆ ಬಿಟ್ಟು, ಸರಿಪಡಿಸುವ ನುರಿತ ಕೆಲಸಗಾರ ಬೇಕು. ಹೊರದೇಶದ ಹೊಸ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಆ ತೊಂದರೆಯಿರಲಿಲ್ಲ, ಆದರೆ ಅವುಗಳಿಗೆ ಹವಾನಿಯಂತ್ರಿತ ಕೊಠಡಿ ಬೇಕು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಅದೆಲ್ಲಿಂದ ತರುವುದು? ಇನ್ನೊಂದು ಸೂಕ್ಷ್ಮವೂ ಇತ್ತು. ಶ್ರೀಮಂತ ದೇಶದ ಫೋನು ದಿನದ ಬಹುಪಾಲು ಸುಮ್ಮನಿರುತ್ತದೆ. ಇಲ್ಲಿ ಒಂದು ಫೋನನ್ನು ಓಣಿಯೇ ಬಳಸುತ್ತದೆ. ಅಲ್ಲಿನ ಲೆಕ್ಕಾಚಾರದ ಯಂತ್ರ ಇಲ್ಲಿನ ಮಾತಿನ ಹೊರೆಯನ್ನು ತಾಳದು.

ಸಿ-ಡಾಟ್‌ನವರು ಮಾಡಿದ ಗ್ರಾಮೀಣ ವಿನಿಮಯ ಯಂತ್ರ ಕಪಾಟಿನಷ್ಟೇ ದೊಡ್ಡದು. ಅದರಲ್ಲಿ 128 ದ್ವಾರಗಳು. ಸ್ಟ್ರೌಜರ್‌ನಂತೆ ಏರಿಳಿಯುವ, ತಿರುಗುವ ಭಾಗಗಳಿಲ್ಲ. ಮಾತನ್ನು ಅಂಕಿಗಳನ್ನಾಗಿ ಪರಿವರ್ತಿಸಿ ಸಾಗಿಸುವ ವಿಧಾನ. ಸೆಕೆಗೂ ಧೂಳಿಗೂ ಜಗ್ಗದು. ಕೆಟ್ಟರೆ, ಕೆಟ್ಟ ಕಾರ್ಡನ್ನು ಹೊರಗೆಳೆದು ಬೇರೊಂದನ್ನು ತಳ್ಳಿದರಾಯಿತು. ಈ ಬಗೆಯ ಮೊದಲ ಯಂತ್ರ ಕಾರ್ಯಾರಂಭ ಮಾಡಿದ್ದು 1986ರ ಜುಲೈಯಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ನಮ್ಮ ಸ್ಪರ್ಧೆ ನಡೆದು ಒಂದು ವರ್ಷವಾಗಿತ್ತು. ಶಾಲೆಗೂ ಕಿತ್ತೂರಿಗೂ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಾನು ಹೋಗಿ ನೋಡಲಿಲ್ಲ. ಕೋಟೆಯನ್ನು ತೋರಿಸಲೆಂದು ಮಕ್ಕಳನ್ನು ಪ್ರತಿವರ್ಷವೂ ಕರೆದೊಯ್ಯುತ್ತಿದ್ದೆ. 1824ರ ಇತಿಹಾಸವನ್ನು ಅಲ್ಲಿ ನಿಂತು ಹೇಳುತ್ತಿದ್ದವನಿಗೆ ಅದೇ ಊರಿನಲ್ಲಿ ನಡೆದ 1986ರ ಇತಿಹಾಸ ಕಣ್ಣಿಗೆ ಬೀಳಲಿಲ್ಲ.

ಎಲ್ಲವೂ ಹೇಳಿದಂತೆಯೇ ನಡೆಯಿತೆಂದಲ್ಲ. ನಗರಗಳಿಗೆ ಬೇಕಾದ ದೊಡ್ಡ ಯಂತ್ರವನ್ನು ಸಿದ್ಧಪಡಿಸಲು ಮೂವತ್ತಾರು ತಿಂಗಳು ಸಾಲಲಿಲ್ಲ. 1989ರಲ್ಲಿ ಸರ್ಕಾರ ಬದಲಾದ ಮೇಲೆ ಸಂಸ್ಥೆ ರಾಜಕೀಯ ಟೀಕೆಗೂ ಗುರಿಯಾಯಿತು. ವಿದೇಶೀ ಯಂತ್ರಗಳ ಆಮದೂ ನಿಲ್ಲಲಿಲ್ಲ. ಆದರೂ ಸಣ್ಣ ಯಂತ್ರಗಳು ಸಾವಿರಾರು ಊರುಗಳಿಗೆ ಹೋದವು. ಅವುಗಳ ಬೆನ್ನಿಗೇ ಹಳದಿ ಬಣ್ಣದ ಎಸ್‌ಟಿಡಿ ಬೂತುಗಳು ಬಂದವು. ಅನೇಕ ಅಂಗವಿಕಲರಿಗೆ ಅವು ಜೀವನೋಪಾಯವಾದವು. ದರ ಇಳಿಯುವ ಹೊತ್ತಿಗಾಗಿ ಕಾದು, ರಾತ್ರಿ ಊಟ ಮುಗಿಸಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದುದು, ಓಡುವ ಕೆಂಪು ಅಂಕಿಗಳ ಮೇಲೆ ಕಣ್ಣಿಟ್ಟು ಮಾತು ನುಂಗುತ್ತಿದ್ದುದು ನಿಮಗೂ ಗೊತ್ತು. ಸಾಲಿನಲ್ಲಿ ಮಗಳ ಹೆರಿಗೆಯ ಸುದ್ದಿಗೆ ಕಾದವರು, ಮೆಣಸಿನಕಾಯಿಯ ಧಾರಣೆ ಕೇಳಲು ಬಂದವರು ಇರುತ್ತಿದ್ದರು. ನಾನೂ ನಿಂತಿದ್ದೇನೆ. ಭೋಗವಸ್ತುವಿಗಾಗಿ ನಿಂತ ಮುಖ ಒಂದನ್ನೂ ಅಲ್ಲಿ ಕಾಣಲಿಲ್ಲ.

ಮೊಬೈಲು 1995ರಲ್ಲಿ ಬಂದಾಗ ಬಂದ ಕರೆಗೂ ಹಣ ತೆರಬೇಕಿತ್ತು. ಆಗಲೂ ಭೋಗವಸ್ತುವೆಂಬ ಮಾತು ಕೇಳಿಬಂತು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಆ ಮಾತು ಅಡಗಿತು. ಬೂತುಗಳು ಮಾಯವಾದವು, 2013ರ ಜುಲೈಯಲ್ಲಿ ತಂತಿ ಸೇವೆಯೂ ನಿಂತಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ, ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದನ್ನು ಓದುತ್ತ ನನ್ನ ಚರ್ಚಾಸ್ಪರ್ಧೆ ಮತ್ತೆ ನೆನಪಾಯಿತು. ನೀರಿನ ಕೊಡವೂ ಇಂದಿಗೆ ಪೂರ್ತಿ ಇಳಿದಿಲ್ಲವೆಂಬುದು ನಿಜ. ಆ ಹುಡುಗನ ವಾದವನ್ನು ಸುಳ್ಳೆನ್ನಲಾರೆ. ಆದರೆ ಫೋನು ತಡೆದಿಟ್ಟದ್ದರಿಂದ ನೀರು ಬೇಗ ಬಂದ ಊರೊಂದನ್ನು ನಾನು ಕಂಡಿಲ್ಲ.

ಈಚೆಗೆ ಹಳೆಯ ಕಾಗದಗಳನ್ನು ಹರವಿಕೊಂಡಾಗ ಅಂದಿನ ಅಂಕಪಟ್ಟಿ ಸಿಕ್ಕಿತು. ಅವಳ ಹೆಸರಿನ ಮುಂದೆ ಹತ್ತಕ್ಕೆ ಮೂರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನನ್ನದೇ ಅಕ್ಷರ: ‘ವಿಷಯಾಂತರ’. ಅವಳು ಮದುವೆಯಾಗಿ ಗದಗಿನ ಕಡೆ ಹೋದಳೆಂದು ಯಾರೋ ಹೇಳಿದ್ದರು. ನಿಮ್ಮಲ್ಲಿ ಅವಳ ಸಹಪಾಠಿಗಳಿದ್ದು, ಅವಳ ಫೋನ್ ನಂಬರು ಗೊತ್ತಿದ್ದರೆ ದಯವಿಟ್ಟು ನನಗೆ ತಿಳಿಸಿರಿ.