ಗುಡ್ಡದ ಶಾಲೆ, ಘಟ್ಟದಾಚೆಯ ಪಠ್ಯ

ಬಯಲುಸೀಮೆಯ ಊರುಗಳಲ್ಲಿರುವಂತೆ ಗೋಡೆಗೆ ಗೋಡೆ ತಾಗಿದ ಮನೆಗಳ ಸಾಲು ಕೊಡಗಿನ ಹಳ್ಳಿಗಳಲ್ಲಿ ಕಾಣಸಿಗುವುದು ಅಪರೂಪ. ಒಂದು ಐನ್‌ಮನೆ (ಕುಟುಂಬದ ಹಿರಿಮನೆ), ಕೆಳಗೆ ಗದ್ದೆ, ಸುತ್ತ ಕಾಫಿ ತೋಟ. ಪಕ್ಕದ ಮನೆಗೆ ಹೋಗಬೇಕೆಂದರೆ ಒಂದು ಏರು ಹತ್ತಿ ಇಳಿಯಬೇಕು. 1901ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 1,80,607. 2011ರ ಹೊತ್ತಿಗೆ ಅದು 5,54,519ಕ್ಕೆ ಏರಿದರೂ ಚದರ ಕಿಲೋಮೀಟರಿಗೆ 135 ಮಂದಿಯಷ್ಟೇ. ರಾಜ್ಯದ ಜಿಲ್ಲೆಗಳಲ್ಲೇ ಅತಿ ಕಡಿಮೆ. ಇಲ್ಲಿ ಶಾಲೆಗಳನ್ನು ದೂರದೂರ ಕಟ್ಟಿದರೆ ಮಕ್ಕಳು ಬರಲಾರರು, ಹತ್ತಿರ ಹತ್ತಿರ ಕಟ್ಟಿದರೆ ತರಗತಿ ತುಂಬದು.

ತರಗತಿಯ ಗಾತ್ರವನ್ನು ಹೀಗೆ ಗುಡ್ಡವೇ ಗೊತ್ತುಮಾಡಿತು. ಅಲ್ಲಿ ಏನು ಕಲಿಸಬೇಕೆಂಬುದು ಮಾತ್ರ ಯಾವಾಗಲೂ ಹೊರಗಿನಿಂದ ಬಂತು.

1834ರಲ್ಲಿ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸರ್ಕಾರದ ಹಿಂದೆಯೇ ಇಂಗ್ಲಿಷ್ ವಿದ್ಯೆಯೂ ಬಂತು. 1853ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿದರು. ಅದೇ ಮಿಷನ್ನಿನ ಜಿ. ರಿಕ್ಟರ್ ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಶಾಲೆಯ ಮುಖ್ಯಸ್ಥರಾಗಿದ್ದಾಗಲೇ, 1870ರಲ್ಲಿ, ಕೊಡಗಿನ ಕೈಪಿಡಿಯನ್ನು ಹೊರತಂದರು. ಹೈಸ್ಕೂಲು ಓದಿದವರ ಕಣ್ಣು ಮದ್ರಾಸಿನತ್ತ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿದ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರೂ ಕಾಲೇಜಿಗೆ ಹೋದದ್ದು ಮದ್ರಾಸಿನ ಪ್ರೆಸಿಡೆನ್ಸಿಗೇ.

ಹೊರಗಿನಿಂದ ಬಂದವರೆಲ್ಲ ಪಠ್ಯವನ್ನಷ್ಟೇ ಒಪ್ಪಿಸಿ ಹೋಗಲಿಲ್ಲ. ದಕ್ಷಿಣ ಕನ್ನಡದ ಪಂಜೆ ಮಂಗೇಶರಾಯರು ಮಡಿಕೇರಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಬಂದರು. ಮಕ್ಕಳಿಗಾಗಿ ಪದ್ಯಪುಸ್ತಕಗಳನ್ನು ಅಣಿಗೊಳಿಸಿ ಪಳಗಿದ ಕೈ ಅವರದು. ಕೊಡಗಿನ ಸುಗ್ಗಿಯನ್ನು ಕನ್ನಡದಲ್ಲಿ ಹಾಡಿದ ‘ಹುತ್ತರಿ ಹಾಡು’ ಅವರ ಇಲ್ಲಿನ ವಾಸದ ಫಲ.

1956ರ ನವೆಂಬರ್ 1ರಂದು ಪುಟ್ಟ ‘ಸಿ’ ದರ್ಜೆಯ ರಾಜ್ಯವಾಗಿದ್ದ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಹಳೆ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್ ಪ್ರಾಂತ್ಯಗಳ ಭಾಗಗಳ ಜೊತೆ ಕೊಡಗೂ ಸೇರಿ ಐದು ಶಿಕ್ಷಣ ಕ್ರಮಗಳು ಒಂದಾಗಬೇಕಾಯಿತು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಕಾನೂನು ತಂದಿತು. ಪಠ್ಯದ ಊರು ಮದ್ರಾಸಿನಿಂದ ಬೆಂಗಳೂರಿಗೆ ಬದಲಾಯಿತು.

ಪಠ್ಯ ಎಲ್ಲಿಂದ ಬಂದರೂ ಅದನ್ನು ಕಲಿಸಬೇಕಾದದ್ದು ಗುಡ್ಡದ ಚಿಕ್ಕ ಶಾಲೆಗಳಲ್ಲೇ. ಲೆಕ್ಕದ ಪ್ರಕಾರ ಅಲ್ಲಿ ಶಿಕ್ಷಕರಿಗೆ ಕುಂದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿವರೆಗಿನ ಶಾಲೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರನ್ನು ಕೊಡುತ್ತದೆ. ಇಪ್ಪತ್ತೇ ಮಕ್ಕಳಿರುವಲ್ಲಿ ತಲಾ ಹತ್ತು! ಆದರೆ ಆ ಇಪ್ಪತ್ತು ಮಂದಿ ಐದು ತರಗತಿಗಳಲ್ಲಿ ಹಂಚಿಹೋಗಿರುತ್ತಾರೆ. ಒಂದನೇ ತರಗತಿಗೆ ಅಕ್ಷರ ತಿದ್ದಿಸುವಾಗ ಮೂರನೆಯದಕ್ಕೆ ಮಗ್ಗಿ ಕೊಟ್ಟಿರಬೇಕು. ಇಬ್ಬರು ಶಿಕ್ಷಕರಲ್ಲಿ ಒಬ್ಬರು ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋದ ದಿನ ಅದು ಏಕೋಪಾಧ್ಯಾಯ ಶಾಲೆ. 1987ರ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆ ಎರಡನೇ ಶಿಕ್ಷಕರನ್ನು ಕೊಡಹೊರಟದ್ದು ಇಂಥ ಶಾಲೆಗಳಿಗೇ.

ಈ ತೊಡಕಿಗೆ ದಾರಿ ತೋರಿದ್ದು ನಾಗರಹೊಳೆ ಕಾಡಿನ ಆಚೆ ಬದಿಯ ಹೆಗ್ಗಡದೇವನಕೋಟೆ. 1995ರಲ್ಲಿ ಅಲ್ಲಿ ಶುರುವಾದ ‘ನಲಿಕಲಿ’ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಯಲ್ಲಿ ಕಲಿಕಾ ಏಣಿ. ಮಗು ತಾನಿರುವ ಮೆಟ್ಟಿಲು ನೋಡಿ, ಅದರ ಚಿತ್ರವಿರುವ ಕಾರ್ಡನ್ನು ತಾನೇ ಹುಡುಕಿ ತರುತ್ತದೆ. ಬರೆದದ್ದು, ಬಿಡಿಸಿದ್ದು ತಲೆಯ ಮೇಲಿನ ದಾರದ ಚಪ್ಪರದಲ್ಲಿ ತೂಗುತ್ತದೆ. ವಾರಗಟ್ಟಲೆ ಶಾಲೆ ತಪ್ಪಿದ ಮಗುವೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಕೊಯ್ಲಿನ ಬೆನ್ನು ಹಿಡಿದು ತೋಟದಿಂದ ತೋಟಕ್ಕೆ ಹೋಗುವ, ಕಾರ್ಮಿಕರ ಲೈನ್‌ಮನೆಯ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಎರವ, ಕುರುಬ, ಮಲಯಾಳಂ, ತುಳು ಆಡುವವರಿಗೆಲ್ಲ ಇಲ್ಲಿ ಕನ್ನಡ ಕಲಿಯುವ ನುಡಿ.

ಮೇಲಿನ ತರಗತಿಗಳಿಗೆ ಈ ಸಡಿಲಿಕೆ ಇಲ್ಲ. ರಾಜ್ಯದ ಶೈಕ್ಷಣಿಕ ವರ್ಷ ಶುರುವಾಗುವ ಹೊತ್ತಿಗೇ ಕೊಡಗಿನಲ್ಲಿ ಮಳೆಗಾಲ. ಭಾಗಮಂಡಲದಲ್ಲಿ ನದಿಗಳ ಸಂಗಮ ಉಕ್ಕಿ ರಸ್ತೆ ಮುಳುಗಿದರೆ ಜಿಲ್ಲಾಡಳಿತ ರಜೆ ಸಾರುತ್ತದೆ. ತಪ್ಪಿದ ಪಾಠಗಳನ್ನು ಶನಿವಾರದ ಮಧ್ಯಾಹ್ನವೋ ಭಾನುವಾರವೋ ಸರಿದೂಗಿಸಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಕುಸಿದಾಗ ದಿನಗಟ್ಟಲೆ ಪಾಠ ನಿಂತಿತು. ಮುಂದಿನ ಮಾರ್ಚ್‌ನಲ್ಲಿ ಕೊಡಗಿನ ಎಸ್ಸೆಸ್ಸೆಲ್ಸಿ ಮಕ್ಕಳು ಬರೆದದ್ದು ಬೆಂಗಳೂರು, ಬೀದರಿನ ಮಕ್ಕಳು ಬರೆದ ಪ್ರಶ್ನೆಪತ್ರಿಕೆಯನ್ನೇ.